ಭಾನುವಾರದ ಮಾತ್ರೆ
ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಕೆ ಸುಲಿತ ಶುರುವಾದರೆ ಮೆಟ್ಟುಗತ್ತಿಯ ಮುಂದೆ ಮೊದಲು ಕೂರುವವಳು ದೊಡ್ಡಮ್ಮ, ಕೊನೆಗೆ ಏಳುವವಳೂ ಅವಳೇ. ಆ ವರ್ಷ ಮಾತ್ರ ಅವಳ ಕೈಯಿಂದ ಅಡಕೆ ಜಾರಿ ಜಾರಿ ಬೀಳುತ್ತಿತ್ತು. ಬೆಳಿಗ್ಗೆ ಹಾಲು ಕರೆಯಲು ಕೂತರೆ ಬೆರಳು ಮಡಚುತ್ತಿರಲಿಲ್ಲ. ಮೊದಲು ಬಚ್ಚಲಿಗೆ ಹೋಗಿ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂರಬೇಕಿತ್ತು. "ವಾಯು ಕಣೇ, ವಯಸ್ಸಾಯ್ತಲ್ಲ" ಅಂದರು ನೆರೆಹೊರೆಯವರು. ಎಣ್ಣೆ, ಕಷಾಯ, ಸೊಪ್ಪಿನ ಪಟ್ಟು ಎಲ್ಲ ಆಯಿತು.

ಸಂಕ್ರಾಂತಿ ಕಳೆದ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ಮಾತೆತ್ತುವ ಮೊದಲೇ, "ಅಮ್ಮಾ, ಎದ್ದ ಮೇಲೆ ಮುಷ್ಟಿ ಕಟ್ಟೋಕೆ ಎಷ್ಟು ಹೊತ್ತಾಗುತ್ತೆ?" ಎಂದು ಕೇಳಿದರು.

"ಐದಕ್ಕೆ ಏಳ್ತೀನಪ್ಪ. ತಿಂಡಿ ಆಗೋವರೆಗೂ ಆಗಲ್ಲ."

ಅವರು ಬೆರಳ ಬುಡದ ಗೆಣ್ಣುಗಳನ್ನು ಒಟ್ಟಿಗೆ ಹಿಡಿದು ಹಗುರಾಗಿ ಅಮುಕಿದರು. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. ಎರಡೂ ಕೈಯಲ್ಲಿ ಅವೇ ಗೆಣ್ಣುಗಳು ಮೆತ್ತಗೆ ಊದಿ, ಬೆಚ್ಚಗಿದ್ದವು.

ವಯಸ್ಸಿನ ಸವೆತವಾದರೆ ಹೆಚ್ಚಾಗಿ ಉಗುರಿನ ಪಕ್ಕದ ಗೆಣ್ಣಿನಲ್ಲಿ, ಹೆಬ್ಬೆರಳ ಬುಡದಲ್ಲಿ ಗಟ್ಟಿ ಗಂಟು ಕಟ್ಟುತ್ತದಂತೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇದು ಅದಲ್ಲ, ರುಮಟಾಯ್ಡ್ ಸಂಧಿವಾತ ಎಂದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ, ತಡಮಾಡಿದಷ್ಟೂ ಮೂಳೆ ಸವೆಯುತ್ತದೆ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು.

ಬರೆದುಕೊಟ್ಟ ಮದ್ದು ಮೆಥೋಟ್ರೆಕ್ಸೇಟ್. ಚೀಟಿಯಲ್ಲಿ 'ಭಾನುವಾರ ಮಾತ್ರ' ಎಂದು ಕನ್ನಡದಲ್ಲೇ ದಪ್ಪಗೆ ಬರೆದು, ಅಡಿಗೆ ಎರಡು ಗೆರೆ ಎಳೆದರು. ವಾರಕ್ಕೊಂದು ದಿನ ತೆಗೆದುಕೊಳ್ಳುವ ಈ ಮಾತ್ರೆಯನ್ನು ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು. ಯಾರಿಗೆ ಈ ಕಥೆ ಹೇಳಿದರೂ ಇದೊಂದನ್ನು ನಾನು ಎರಡು ಸಲ ಹೇಳುತ್ತೇನೆ: ವಾರಕ್ಕೆ ಒಂದೇ ದಿನ. ಜೊತೆಗೆ, ಬೇರೆ ದಿನ, ಫೋಲಿಕ್ ಆಸಿಡ್. ಆಗಾಗ ರಕ್ತ, ಲಿವರ್ ಪರೀಕ್ಷೆ.

ಮೊದಲ ತಿಂಗಳು ಏನೂ ಗುಣ ಕಾಣಲಿಲ್ಲ. "ನಿಲ್ಲಿಸಿಬಿಡ್ಲಾ?" ಅಂದಳು. ಕೆಲಸ ಮಾಡಲು ಒಂದೂವರೆ, ಎರಡು ತಿಂಗಳಾದರೂ ಬೇಕೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ನಾವು ಬಿಡಲಿಲ್ಲ. ಯುಗಾದಿ ಹೊತ್ತಿಗೆ ಊತ ಇಳಿಯಿತು, ದೊಡ್ಡಮ್ಮ ಮತ್ತೆ ತಾನೇ ಹಾಲು ಕರೆಯತೊಡಗಿದಳು.

ಆದರೆ ಬಲಗೈಯ ಎರಡು ಬೆರಳು ಅಷ್ಟರಲ್ಲೇ ಓರೆಯಾಗಿದ್ದವು. ಮದ್ದು ರೋಗವನ್ನು ತಡೆಯಿತೇ ಹೊರತು ಆ ಬೆರಳುಗಳನ್ನು ನೆಟ್ಟಗೆ ಮಾಡಲಿಲ್ಲ. ವಯಸ್ಸಿನದ್ದು ಎಂದುಕೊಂಡು ಎಣ್ಣೆ ತಿಕ್ಕುತ್ತ ಕಳೆದ ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.