ಆಯಿಗೊಂದು ಆಶ್ರಮ ಹುಡುಕುವಾಗ

ನಮ್ಮ ಬಮ್ಮಿಗಟ್ಟಿಯಲ್ಲಿ ವೃದ್ಧಾಶ್ರಮ ಅನ್ನೋದು ಇನ್ನೂ ಬೈಗುಳದಂಥ ಮಾತು. "ಮಕ್ಕಳಿದ್ದೂ ಆಶ್ರಮಕ್ಕ ಹಾಕಿದ್ರು" ಎಂದು ಕಟ್ಟೆ ಮೇಲೆ ಕೂತವರು ಆಡಿಕೊಳ್ಳುತ್ತಾರೆ. ಹಾಗೆ ಆಡುವವರ ಮಕ್ಕಳೂ ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ ಅನ್ನೋದು ಬೇರೆ ಮಾತು. ನಮ್ಮ ಆಯಿಗೆ ಎಂಬತ್ತು ದಾಟಿದೆ, ಮನೆಯಲ್ಲಿ ಒಬ್ಬಳೇ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದವಳು, ಹಾಲಿನ ಹುಡುಗ ಬರುವತನಕ ಅಲ್ಲೇ ಇದ್ದಳು. ಆಮೇಲೆ ನಾವು ಮೊಮ್ಮಕ್ಕಳು ಸೇರಿ ಆಕೆಯನ್ನೂ ಕರೆದುಕೊಂಡು ಮೂರು ಆಶ್ರಮ ನೋಡಿದೆವು.

ಮೊದಲನೆಯದರಲ್ಲಿ ಟೈಲ್ಸ್ ಫಳಫಳ, ದೊಡ್ಡ ಟಿವಿ. ನಾವು ಮೊದಲು ನೋಡಿದ್ದು ಬಚ್ಚಲು. ಗೋಡೆಗೆ ಹಿಡಿದು ನಿಲ್ಲಲು ಒಂದು ಪೈಪೂ ಇರಲಿಲ್ಲ. ಎರಡನೆಯದರಲ್ಲಿ ಊಟಕ್ಕೆ ರೊಟ್ಟಿ, ಪಲ್ಯ ಇತ್ತು, ಆಯಿ ಖುಷಿಯಾದಳು. ಆದರೆ ನಡೆದಾಡುವವರನ್ನು ಮಾತ್ರ ಇಟ್ಟುಕೊಳ್ಳುತ್ತಾರಂತೆ. ಹಾಸಿಗೆ ಹಿಡಿದರೆ ಮನೆಗೆ ಕರೆದೊಯ್ಯಬೇಕು. ಇದನ್ನು ಅವರಾಗಿ ಹೇಳಲಿಲ್ಲ, ನಾವು ಕೇಳಿದ ಮೇಲೆ ಹೇಳಿದರು. ನೀವೂ ಇದನ್ನೇ ಮೊದಲು ಕೇಳಿ. ಡಿಪಾಸಿಟ್ ವಾಪಸ್ ಬರುತ್ತದಾ, ಡೈಪರ್, ಔಷಧದ ಖರ್ಚು ಯಾರದು ಅನ್ನೋದನ್ನು ಬರೆಸಿಕೊಳ್ಳಿ.

ಮೂರನೆಯದರಲ್ಲಿ ಆಯಿ ಮ್ಯಾನೇಜರ್‌ನ ಬಿಟ್ಟು, ಅವರೆಕಾಯಿ ಸುಲಿಯುತ್ತಿದ್ದ ಹೆಂಗಸಿನ ಪಕ್ಕ ಹೋಗಿ ಕೂತಳು. "ರಾತ್ರಿ ಕೂಗಿದ್ರ ಯಾರರ ಬರ್ತಾರೇನಬೇ?" ಆಕೆ ಮ್ಯಾನೇಜರ್ ಕಡೆ ನೋಡಿ ಮತ್ತೆ ಕಾಯಿ ಸುಲಿಯತೊಡಗಿದಳು. ಆಯಿ ಎದ್ದು ಬಂದಳು.

ಈ ನಡುವೆ ಬಳಗದವರೊಬ್ಬರು, "ಹೋಗೋ ಮುಂಚೆ ಹೊಲ ಬರಕೊಟ್ಟು ಹೋಗಲಿ" ಅಂದರು. ಆಯಿಯ ಹೆಸರಲ್ಲಿ ಎರಡು ಎಕರೆ ಇದೆ. ಇಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಮಾತು: ಹಿರಿಯರ ಪೋಷಣೆಯ ಕಾನೂನು 2007ರಲ್ಲೇ ಬಂದಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸಿರಬೇಕು, ಬಾಯಿಮಾತನ್ನು ನಂಬಿ ಕೂರಬಾರದು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆ ಕಾನೂನಿನಲ್ಲಿ ಮಕ್ಕಳು ಅಂದರೆ ದೊಡ್ಡವರಾದ ಮೊಮ್ಮಕ್ಕಳೂ ಸೇರುತ್ತಾರೆ. ಅಂದರೆ ನಾವೂ! ಯಾವ ಹಿರಿಯರಿಗೆ ತೊಂದರೆ ಇದ್ದರೂ 14567ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಹೊಲದ ಕಾಗದ ಯಾರೂ ಮುಟ್ಟಲಿಲ್ಲ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುವ ಪಾಸ್‌ಬುಕ್ ಆಕೆಯ ಟ್ರಂಕಿನಲ್ಲೇ ಇದೆ. ಆಯಿ ರೊಟ್ಟಿ ಕೊಡುವ ಆಶ್ರಮವನ್ನೇ ಆರಿಸಿದಳು, ಒಂದು ತಿಂಗಳ ಮಟ್ಟಿಗೆ. ಹಾಸಿಗೆ ಹಿಡಿದರೆ ಯಾರ ಮನೆಗೆ ಅನ್ನೋದನ್ನು ನಾವು ಅಲ್ಲೇ ಆಕೆಯ ಎದುರೇ ಮಾತಾಡಿ ಹೆಸರು ಹಚ್ಚಿದೆವು. ಮನೆಯ ಕೀಲಿಕೈ ಮಾತ್ರ ಯಾರಿಗೂ ಕೊಡಲಿಲ್ಲ, ಸೆರಗಿಗೆ ಗಂಟು ಹಾಕಿಕೊಂಡೇ ಹೋದಳು.