ದೊಲೋರೆಸ್ ಎಂಬ ಹೆಸರು

ಪ್ರೌಢಶಾಲೆಯಲ್ಲಿದ್ದಾಗ ಸ್ಪೇನ್ ದೇಶದ ಕಥೆಯೊಂದರಲ್ಲಿ ದೊಲೋರೆಸ್ ಎಂಬ ಹುಡುಗಿಯ ಹೆಸರನ್ನು ಓದಿ, ಅದರ ಇಂಪಿಗೆ ಮರುಳಾಗಿ, ನಿಘಂಟಿನಲ್ಲಿ ಅರ್ಥವನ್ನು ಹುಡುಕಿದೆನು. 'ದುಃಖಗಳು' ಎಂದಿತ್ತು. ಒಂದು ದುಃಖವೂ ಅಲ್ಲ, ಬಹುವಚನ! ಹೆತ್ತ ಕೂಸಿಗೆ ಇಂಥ ಹೆಸರನ್ನಿಡುವವರು ಎಂಥ ತಾಯಿತಂದೆಗಳೋ ಎಂದು ಗೆಳತಿಯರೊಡನೆ ನಕ್ಕದ್ದುಂಟು.

ಇದು ಒಂದು ದೀರ್ಘನಾಮದ ತುಂಡೆಂದು ಆಮೇಲೆ ತಿಳಿಯಿತು. ಪೂರ್ಣರೂಪವು 'ಮರಿಯಾ ದೆ ಲೋಸ್ ದೊಲೋರೆಸ್', ಅಂದರೆ ದುಃಖಗಳ ಮರಿಯಳು. ನೋವೆಂಬ ಅರ್ಥದ 'ದೊಲೊರ್' ಎಂಬ ಲ್ಯಾಟಿನ್ ಶಬ್ದವೇ ಇದರ ಮೂಲ. ಕಥೊಲಿಕರು ಯೇಸುವಿನ ತಾಯಿಗೆ ಏಳು ದುಃಖಗಳನ್ನು ಎಣಿಸುವರು: ಸಿಮೆಯೋನನ ಮುನ್ನುಡಿ, ಐಗುಪ್ತಕ್ಕೆ ಓಡಿಹೋದದ್ದು, ಯೆರೂಸಲೇಮಿನಲ್ಲಿ ಮಗನು ಮೂರು ದಿನ ಕಾಣೆಯಾದದ್ದು, ಕೊನೆಗೆ ಶಿಲುಬೆಯ ದಾರಿಯಿಂದ ಸಮಾಧಿಯವರೆಗಿನ ನಾಲ್ಕು. ಸೆಪ್ಟೆಂಬರ್ 15 ಅವುಗಳ ಸ್ಮರಣೆಯ ದಿನ. ಪಿಲಾರ್ ಎಂದರೆ ಕಂಬ, ಸೊಲೆದಾದ್ ಎಂದರೆ ಏಕಾಂತ. ಇವೂ ಆ ತಾಯಿಯ ಬಿರುದುಗಳಿಂದಲೇ ಹುಟ್ಟಿದ ಹೆಣ್ಣು ಹೆಸರುಗಳು.

ಆದರೆ ದೊಲೋರೆಸಳನ್ನು ಮನೆಯಲ್ಲಿ ಕರೆಯುವುದು 'ಲೋಲಾ' ಎಂದು. ನಮ್ಮ ಕಿವಿಗೆ ಲೋಲೆಯೆಂದರೆ ತೂಗಾಡುವವಳು, ಆಟದವಳು. ಅಷ್ಟು ಭಾರದ ಹೆಸರಿಗೆ ಎಷ್ಟು ಹಗುರವಾದ ಮುದ್ದುಹೆಸರು!

ನಮ್ಮ ನಾಡಿನಲ್ಲಿಯೂ ಮಕ್ಕಳು ಉಳಿಯದ ಮನೆಗಳಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮನೆಂದು ಕರೆಯುವ ರೂಢಿಯಿತ್ತು. ಅದು ಮೃತ್ಯುವಿನ ಕಣ್ಣಿಗೆ ಬೀಳದಂತೆ ಮರೆಮಾಡುವ ಹೆಸರು. ದೊಲೋರೆಸ್ ಎಂಬುದು ಏನನ್ನೂ ಮರೆಮಾಡದು. ಅತ್ತು ಬಲ್ಲ ತಾಯಿಯೊಬ್ಬಳ ಕೈಗೆ ಮಗುವನ್ನು ಒಪ್ಪಿಸುವುದು.

ಗಣಿಗಾರರ ಕುಟುಂಬದಲ್ಲಿ 1895ರಲ್ಲಿ ಹುಟ್ಟಿದ ದೊಲೋರೆಸ್ ಇಬಾರ್ರುರಿ ಎಂಬಾಕೆ 1936ರಲ್ಲಿ ಆರಂಭವಾದ ಸ್ಪೇನಿನ ಅಂತರ್ಯುದ್ಧದಲ್ಲಿ ತನ್ನ ಭಾಷಣಗಳಿಂದ ಜಗತ್ಪ್ರಸಿದ್ಧಳಾದಳು. ಕಮ್ಯೂನಿಸ್ಟ್ ಪಕ್ಷದವಳಾದರೂ ಹೆಸರು ಅದೇ. ಹೆತ್ತ ಆರು ಮಕ್ಕಳಲ್ಲಿ ನಾಲ್ವರು ಹೆಣ್ಣುಮಕ್ಕಳು ಎಳವೆಯಲ್ಲಿಯೇ ತೀರಿಹೋದರು. ಮಗನು 1942ರಲ್ಲಿ ಸ್ಟಾಲಿನ್‌ಗ್ರಾಡಿನ ಕಾಳಗದಲ್ಲಿ ಮಡಿದನು. ಇದನ್ನು ಓದಿದ ದಿನ ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ನಾನೂ ತಾಯಿಯಾಗಿದ್ದೆನು.

ನನ್ನ ಚೊಚ್ಚಲ ಮಗಳು ಹನ್ನೊಂದನೆಯ ತಿಂಗಳಲ್ಲಿ ಜ್ವರದಿಂದ ಹೋದಳು. ಎರಡನೆಯವಳು ಹುಟ್ಟಿದಾಗ ಮನೆಯ ಹಿರಿಯರು, ಯಾವ ಹೆಸರನ್ನಾದರೂ ಇಡು, ಹೋದವಳ ಹೆಸರನ್ನು ಮಾತ್ರ ಎತ್ತಬೇಡವೆಂದರು. ಅವರ ಭಯವು ನನಗೆ ತಿಳಿಯದ್ದಲ್ಲ. ಆದರೂ ಆ ಹೆಸರನ್ನೇ ಇಟ್ಟೆನು. ಅದು ಶಾಲೆಯ ದಾಖಲೆಯಲ್ಲಿದೆ; ಮನೆಯಲ್ಲಿ ಕರೆಯುವುದು ಮಾತ್ರ ಪುಟ್ಟಿ ಎಂದು.