ತಾತನ ಹನ್ನೆರಡು ವಾರ

ನಾವಿಬ್ಬರು ಅಕ್ಕ-ತಮ್ಮ. ಅಕ್ಕ ಇಸಿ ಮೂರನೇ ವರ್ಷ, ತಮ್ಮ ಮೆಕ್ಯಾನಿಕಲ್ ಮೊದಲ ವರ್ಷ. ನಮ್ಮಿಬ್ಬರ ಫೋನಿನಲ್ಲೂ ಇಂಟರ್ನಲ್ಸ್ ಡೇಟ್‌ಗಿಂತ ಮೇಲೆ ಇನ್ನೊಂದು ಡೇಟ್ ಇದೆ: "ತಾತ, ಇಂಜೆಕ್ಷನ್". ಹನ್ನೆರಡು ವಾರಕ್ಕೊಮ್ಮೆ ಬರುತ್ತೆ. ಆ ಡೇಟನ್ನ ನಾವು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರೋದು ಒಮ್ಮೆ ಎಡವಿದ ಮೇಲೆ.

ತಾತನಿಗೆ 74. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ. ಹೋದ ವರ್ಷ ಸೊಂಟ ನೋವು ಅಂದಾಗ, ಕಾಯಿ ಮೂಟೆ ಎತ್ತಿದ್ದಕ್ಕೆ ಇರಬೇಕು ಅಂದ್ಕೊಂಡೆವು. ರಾತ್ರಿ ಐದಾರು ಸಲ ಬಚ್ಚಲಿಗೆ ಏಳೋದನ್ನ ವಯಸ್ಸಿನ ಲೆಕ್ಕಕ್ಕೆ ಹಾಕಿದೆವು. ಕೊನೆಗೆ ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ, ಬಯಾಪ್ಸಿ, ಸ್ಕ್ಯಾನ್ ಎಲ್ಲಾ ಆದಮೇಲೆ ಗೊತ್ತಾಯ್ತು. ಪ್ರಾಸ್ಟೇಟ್ ಕ್ಯಾನ್ಸರ್. ಬೆನ್ನುಮೂಳೆಗೂ ಹರಡಿತ್ತು.

ಡಾಕ್ಟರು ತಾತನಿಗೆ ಅರ್ಥವಾಗೋ ಹಾಗೆ ಹೇಳಿದರು. "ಟೆಸ್ಟೋಸ್ಟೆರಾನ್ ಅಂತ ಗಂಡಸರ ಮೈಯಲ್ಲಿ ಒಂದು ಹಾರ್ಮೋನ್ ಇದೆ. ಈ ಗಡ್ಡೆಗೆ ಅದೇ ಗೊಬ್ಬರ. ಗೊಬ್ಬರ ನಿಲ್ಲಿಸಿದ್ರೆ ಕಳೆ ಸೊರಗುತ್ತೆ. ಪೂರ್ತಿ ಹೋಗಲ್ಲ, ಆದ್ರೆ ಹಿಡಿತದಲ್ಲಿ ಇಡಬಹುದು." ಇದನ್ನ 1941ರಲ್ಲೇ ಚಾರ್ಲ್ಸ್ ಹಗಿನ್ಸ್ ಅನ್ನೋ ವೈದ್ಯ ತೋರಿಸಿದ್ದರಂತೆ. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆಗ ಮುಖ್ಯವಾಗಿ ಇದ್ದ ದಾರಿ ವೃಷಣಗಳನ್ನೇ ಆಪರೇಷನ್ ಮಾಡಿ ತೆಗೆಯೋದು. ಅದು ಇವತ್ತಿಗೂ ಇದೆ, ಖರ್ಚೂ ಕಡಿಮೆ. ಡಾಕ್ಟರು ಎರಡೂ ದಾರಿ ಮುಂದಿಟ್ಟರು. ತಾತ ನೆಲ ನೋಡ್ತಾ "ಇಂಜೆಕ್ಷನ್ನೇ ಕೊಡಿ" ಅಂದರು.

ಇಂಜೆಕ್ಷನ್ ಕೆಲಸ ಮಾಡೋ ರೀತಿ ಕೇಳಿದಾಗ ನಮ್ಮೊಳಗಿನ ಇಂಜಿನಿಯರ್ ಎದ್ದು ಕೂತ. ಮೆದುಳಿನ ಹೈಪೊಥಾಲಮಸ್ ಒಂದು ಸಂಕೇತವನ್ನ ಬಿಟ್ಟು ಬಿಟ್ಟು ಕಳಿಸುತ್ತೆ, ಥೇಟ್ ಪಲ್ಸ್ ಥರ. ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನ ಕೇಳಿಸಿಕೊಂಡು ವೃಷಣಗಳಿಗೆ 'ಟೆಸ್ಟೋಸ್ಟೆರಾನ್ ಮಾಡು' ಅಂತ ಹೇಳುತ್ತೆ. ಇಂಜೆಕ್ಷನ್‌ನಲ್ಲಿರೋದು ಅದೇ ಸಂಕೇತದ ನಕಲು, ಆದ್ರೆ ಬಿಡುವಿಲ್ಲದೆ ಒಂದೇ ಸಮನೆ ಬರುತ್ತೆ. ಪಿಟ್ಯುಟರಿ ಮೊದಲು ಜೋರಾಗಿ ಸ್ಪಂದಿಸಿ, ಆಮೇಲೆ ಕಿವುಡಾಗಿಬಿಡುತ್ತೆ. ಎರಡು-ಮೂರು ವಾರದಲ್ಲಿ, ಹೆಚ್ಚೆಂದರೆ ನಾಲ್ಕು ವಾರದಲ್ಲಿ ಟೆಸ್ಟೋಸ್ಟೆರಾನ್ ತಳ ಮುಟ್ಟುತ್ತೆ.

ಅಪಾಯ ಇರೋದು ಆ 'ಮೊದಲು ಜೋರಾಗಿ' ಅನ್ನೋದರಲ್ಲಿ. ಶುರುವಿನ ಒಂದೆರಡು ವಾರ ಹಾರ್ಮೋನ್ ಇಳಿಯೋದರ ಬದಲು ಏರುತ್ತೆ. ತಾತನ ಹಾಗೆ ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದರೆ ಅದು ಊದಿ ನರಕ್ಕೆ ಒತ್ತಬಹುದು, ಮೂತ್ರ ಕಟ್ಟಬಹುದು. ಅದಕ್ಕೇ ಇಂಜೆಕ್ಷನ್‌ಗೆ ಒಂದು ವಾರ ಮೊದಲೇ ಬೈಕ್ಯಾಲುಟಮೈಡ್ ಮಾತ್ರೆ ಶುರು ಮಾಡಿದರು. ಅದು ಹಾರ್ಮೋನ್ ಗಡ್ಡೆಯನ್ನ ತಲುಪದ ಹಾಗೆ ಅಡ್ಡ ನಿಲ್ಲುತ್ತೆ. ಡೆಗಾರೆಲಿಕ್ಸ್ ಅನ್ನೋ ಇನ್ನೊಂದು ಇಂಜೆಕ್ಷನ್‌ನಲ್ಲಿ ಈ ಏರಿಕೆಯೇ ಇಲ್ಲ, ಆದರೆ ತಿಂಗಳು ತಿಂಗಳು ಚುಚ್ಚಬೇಕು. "ಕಾಲು ಜೋಮು ಹಿಡಿದ್ರೆ, ಸೋತ ಹಾಗಾದ್ರೆ, ಮೂತ್ರ ನಿಂತರೆ ಬೆಳಗಾಗೋವರೆಗೂ ಕಾಯಬೇಡಿ, ಹೊರಟುಬನ್ನಿ" ಅಂದರು ಡಾಕ್ಟರು. ಆ ಎರಡು ವಾರ ಅಜ್ಜಿ ದಿನಾ ರಾತ್ರಿ ತಾತನ ಕಾಲು ಮುಟ್ಟಿ "ಗೊತ್ತಾಗ್ತಿದ್ಯಾ?" ಅಂತ ಕೇಳ್ತಿದ್ದರು. ಏನೂ ಆಗಲಿಲ್ಲ.

ಎಡವಿದ್ದು ಎರಡನೇ ಇಂಜೆಕ್ಷನ್‌ನಲ್ಲಿ. ತಾತನಿಗೆ ಬರೆದಿದ್ದು ಗೊಸೆರೆಲಿನ್. ಹೊಟ್ಟೆಯ ಚರ್ಮದ ಕೆಳಗೆ ಇಡೋ ಸಣ್ಣ ಕಡ್ಡಿಯಂಥ ಔಷಧಿ, ನಿಧಾನಕ್ಕೆ ಕರಗುತ್ತೆ. ತರೋ ಜವಾಬ್ದಾರಿ ನಮ್ಮದು. ಲ್ಯಾಬ್ ಮುಗಿಸಿ ಓಡಿಹೋಗಿ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದೆವು, ಕೊಟ್ಟರು, ತಂದೆವು. ಬೆಲೆ ಕಮ್ಮಿ ಇದೆಯಲ್ಲ ಅಂತ ಖುಷಿನೂ ಪಟ್ಟೆವು! ಮರುದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಪೊಟ್ಟಣ ತಿರುಗಿಸಿ ನೋಡಿ ಕೇಳಿದರು: "ಇದು 3.6 ಅಲ್ವಾ? ನಿಮಗೆ ಬರೆದಿರೋದು 10.8."

3.6 ಮಿಲಿಗ್ರಾಂದು 28 ದಿನಕ್ಕೆ. 10.8 ಮಿಲಿಗ್ರಾಂದು 12 ವಾರಕ್ಕೆ. ಅವತ್ತು ಆ ಅಕ್ಕ ನೋಡದೇ ಚುಚ್ಚಿದ್ದರೆ, ತಿಂಗಳಾದ ಮೇಲೆ ಔಷಧಿ ಖಾಲಿಯಾಗಿ, ಗೊಬ್ಬರ ಮತ್ತೆ ಗಡ್ಡೆಗೆ ಹೋಗೋದಕ್ಕೆ ಶುರುವಾಗ್ತಿತ್ತು. ನಾವು ಮಾತ್ರ ಹನ್ನೆರಡು ವಾರ ನಿಶ್ಚಿಂತೆಯಿಂದ ಇರ್ತಿದ್ದೆವು. ರೆಸಿಸ್ಟರ್ ಮೇಲಿನ ಬಣ್ಣದ ಗೆರೆ ಎರಡೆರಡು ಸಲ ನೋಡೋ ನಾವು, ತಾತನ ಔಷಧಿ ಮೇಲಿದ್ದ ನಂಬರ್ ಓದಿರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ನಾಲ್ಕನೇ ತಿಂಗಳ ಹೊತ್ತಿಗೆ ರಿಪೋರ್ಟ್ ಚೆನ್ನಾಗಿತ್ತು. ಪಿಎಸ್‌ಎ ಇಳಿದಿತ್ತು, ಟೆಸ್ಟೋಸ್ಟೆರಾನ್ 50ಕ್ಕಿಂತ ಕೆಳಗೆ. ಸೊಂಟ ನೋವೂ ಕಮ್ಮಿ. ಆದರೆ ತಾತ ಮೌನವಾದರು. ಡಿಸೆಂಬರ್ ಚಳಿಯಲ್ಲೂ "ಫ್ಯಾನ್ ಹಾಕ್ರೋ" ಅನ್ನೋರು. ಅಂಗಿ ಒದ್ದೆಯಾಗೋಷ್ಟು ಬೆವರು. ತೋಟಕ್ಕೆ ಹೋಗೋದು ಬಿಟ್ಟರು. ಒಂದು ದಿನ "ಸಾಕು ಬಿಡ್ರಪ್ಪ, ಇನ್ನು ಇಂಜೆಕ್ಷನ್ ಬೇಡ" ಅಂದುಬಿಟ್ಟರು. ಯಾಕೆ ಅಂದ್ರೆ ಉತ್ತರ ಇಲ್ಲ. ಅಪ್ಪ ಕೇಳಲಿಲ್ಲ, ನಾವು ಕೇಳೋ ಹಾಗಿರಲಿಲ್ಲ. ಕೊನೆಗೆ ಅಜ್ಜಿ ಅಡುಗೆ ಮನೆಯಲ್ಲಿ ಅಕ್ಕನ ಹತ್ತಿರ ಹೇಳಿದ್ದು ಒಂದೇ ಮಾತು: "ಅವ್ರಿಗೆ ತಾನು ಗಂಡಸೇ ಅಲ್ಲ ಅನ್ನಿಸ್ತಿದೆಯಂತೆ ಕಣೇ."

ಮುಂದಿನ ಸಲ ನಾವು ಡಾಕ್ಟರಿಗೆ ಮೊದಲೇ ಒಂದು ಚೀಟಿ ಕೊಟ್ಟು ಹೊರಗೆ ಕೂತೆವು. ತಾತ ಒಳಗೆ ಅರ್ಧ ಗಂಟೆ ಇದ್ದರು. ಮೈ ಬಿಸಿಯೇರೋದು, ಆಸೆ ಕುಗ್ಗೋದು, ಸುಸ್ತು, ಬೇಜಾರು, ಎಲ್ಲವೂ ಔಷಧಿಯದ್ದೇ ಪರಿಣಾಮ, ನಿಮ್ಮ ದೋಷ ಅಲ್ಲ, ಬೇಕಾದರೆ ಅದಕ್ಕೂ ಚಿಕಿತ್ಸೆ ಇದೆ ಅಂತ ಅವರು ಬಿಡಿಸಿ ಹೇಳಿದರಂತೆ. ಆಮೇಲೆ ನಮ್ಮನ್ನ ಕರೆದು ಮನೆಯವರ ಕೆಲಸ ಹೇಳಿದರು. ಈ ಹಾರ್ಮೋನ್ ಇಳಿದಾಗ ಮೂಳೆ ಸವೆಯುತ್ತೆ, ಮಾಂಸಖಂಡ ಕರಗಿ ಕೊಬ್ಬು ಸೇರುತ್ತೆ, ಶುಗರ್ ಏರಬಹುದು, ಹೃದಯದ ಮೇಲೂ ಕಣ್ಣಿಡಬೇಕು. ಅದಕ್ಕೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್, ಅವರು ಹೇಳಿದಷ್ಟು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ಆಗಾಗ ಶುಗರ್, ಬಿಪಿ, ಕೊಲೆಸ್ಟ್ರಾಲ್. ಮೂಳೆಗೆ ಬೇರೆ ಇಂಜೆಕ್ಷನ್ ಕೊಡೋದಾದ್ರೆ ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ತೋರಿಸಬೇಕು, ಯಾಕಂದ್ರೆ ಅಪರೂಪಕ್ಕೆ ದವಡೆ ಮೂಳೆ ಕೆಡುತ್ತೆ. ಮತ್ತೆ ದಿನಾ ನಡಿಗೆ, ವ್ಯಾಯಾಮ. ಬಿದ್ದರೆ ಮೂಳೆ ಮುರಿಯುತ್ತೆ, ಬಚ್ಚಲು ಜಾರದ ಹಾಗೆ ನೋಡಿ ಅಂದರು.

ತಮ್ಮ ಬಚ್ಚಲಿಗೆ ಹಿಡಿಕೆ ಕೂರಿಸಿದ. ಅವನ ಮೊದಲ ನಿಜವಾದ ಮೆಕ್ಯಾನಿಕಲ್ ಪ್ರಾಜೆಕ್ಟ್! ಭಾರ ಎತ್ತೋ ವ್ಯಾಯಾಮ ಎಷ್ಟು ಮಾಡಬಹುದು ಅಂತ ಫಿಸಿಯೋ ಹತ್ತಿರ ಕೇಳಿಕೊಂಡು, ಒಂದೊಂದು ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿದೆವು. ತಾತ "ಮೂಟೆ ಎತ್ತಿದ ಕೈಗೆ ಬಾಟ್ಲಿ ಕೊಡ್ತೀರೇನ್ರೋ" ಅಂತ ಬೈದರು. ಎಷ್ಟೋ ದಿನದ ಮೇಲೆ ಬೈದಿದ್ದು. ನಮಗೆ ಖುಷಿಯಾಯ್ತು.

ನಾವು ಡಾಕ್ಟರಲ್ಲ. ನಿಮ್ಮ ಮನೆಯ ಹಿರಿಯರ ಕಾಯಿಲೆ ಬೇರೆ ಇರಬಹುದು, ಔಷಧಿಯೂ ಬೇರೆ. ಆದರೆ ಪೊಟ್ಟಣದ ಮೇಲಿನ ಹೆಸರು, ಪ್ರಮಾಣ, ಎಷ್ಟು ದಿನಕ್ಕೆ ಅನ್ನೋದು ಚೀಟಿಗೆ ತಾಳೆ ಆಗುತ್ತಾ ನೋಡೋಕೆ ಎಂಬಿಬಿಎಸ್ ಬೇಡ. ತಾತ ಯಾಕೆ ಸುಮ್ಮನಾದರು ಅಂತ ಕೇಳೋಕೂ ಬೇಡ. ಮೊದಲನೆಯದು ನಮಗೆ ಹತ್ತು ಸೆಕೆಂಡಿನ ಕೆಲಸ. ಎರಡನೆಯದಕ್ಕೆ ಎರಡು ತಿಂಗಳು ಹಿಡಿಯಿತು.

ಹೋದ ವಾರ ಮತ್ತೆ ಆ ಡೇಟ್ ಬಂತು. ಪೊಟ್ಟಣ ತೆಗೆದುಕೊಂಡು ಹೋದೆವು. ನರ್ಸಮ್ಮ ಕೈ ಚಾಚುವ ಮೊದಲೇ ತಾತ ಅದನ್ನ ಕಿತ್ತುಕೊಂಡು, ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಇಡೀ ವಾರ್ಡಿಗೆ ಕೇಳಿಸೋ ಹಾಗೆ ಓದಿದರು: "ಹತ್ತು ಪಾಯಿಂಟು ಎಂಟು. ಸರಿಯಾಗಿದೆ, ಹಾಕಮ್ಮ."